ಜಪಾನಿನಲ್ಲಿ ಒಂದು ಸೆಮಿಸ್ಟರ್: ಮೊದಲು ಎರಡು ಕ್ಯಾಲೆಂಡರ್ ಮುಂದಿಟ್ಟುಕೊಳ್ಳಿ

ಪರದೇಶದಲ್ಲಿ ಓದುವುದೆಂದರೆ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಬಹುಕಾಲ ಅಮೆರಿಕ, ಇಂಗ್ಲೆಂಡ್, ಹೆಚ್ಚೆಂದರೆ ಜರ್ಮನಿ ಎಂದೇ ಅರ್ಥವಿತ್ತು. ಅದೂ ಪದವಿ ಮುಗಿದ ಮೇಲಿನ ಮಾತು. ಈಗ ಪದವಿಯ ನಡುವೆಯೇ ಒಂದು ಸೆಮಿಸ್ಟರ್ ಮಟ್ಟಿಗೆ ಹೋಗಿಬರುವ ದಾರಿಗಳಿವೆ. ಆ ದೇಶಗಳ ಪಟ್ಟಿಯಲ್ಲಿ ಜಪಾನಿನ ಹೆಸರೂ ಸೇರಿದೆ.

ವಿದ್ಯಾನಗರದ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಇಂಜಿನಿಯರಿಂಗ್ ಮೂರನೆಯ ವರ್ಷದ ಮಗಳು ಕಾಲೇಜಿನಿಂದ ಬಂದವಳೇ, "ಅಪ್ಪಾ, ಅಕ್ಟೋಬರದಾಗ ಹೋಗಿ ಫೆಬ್ರವರಿಗೆ ಬರೂದು. ಒಂದ ಸೆಮಿಸ್ಟರ್ ಅಷ್ಟ" ಅನ್ನುತ್ತಾಳೆ. ಅಪ್ಪ ಖರ್ಚು ಎಷ್ಟು ಎಂದು ಕೇಳುತ್ತಾನೆ. "ಉಣ್ಣಾಕ ಏನ್ ಸಿಗತೈತಿ ಅಲ್ಲಿ?" ಎಂಬುದು ಅವ್ವನ ಪ್ರಶ್ನೆ. "ಅಲ್ಲಿ ದಿನಾ ಭೂಮಿ ನಡಗತೈತಂತಲ್ಲ" ಎಂದು ಅಜ್ಜಿಯ ಆತಂಕ. ಮೂರೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅಕ್ಟೋಬರದಲ್ಲಿ ಹೋಗಿ ಫೆಬ್ರವರಿಗೆ ಬಂದರೆ ಇಲ್ಲಿಯ ಯಾವ ಸೆಮಿಸ್ಟರ್ ತಪ್ಪುತ್ತದೆ?

ಲೆಕ್ಕ ಸರಳವಾಗಿದೆ. ಜಪಾನಿನ ವಿಶ್ವವಿದ್ಯಾಲಯಗಳ ಶೈಕ್ಷಣಿಕ ವರ್ಷ ಏಪ್ರಿಲ್ 1ಕ್ಕೆ ಆರಂಭವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಮೊದಲ ಸೆಮಿಸ್ಟರ್ ಏಪ್ರಿಲ್‌ನಿಂದ ಜುಲೈ ಕೊನೆ ಅಥವಾ ಆಗಸ್ಟ್ ಮೊದಲ ವಾರದವರೆಗೆ. ಎರಡನೆಯದು ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಆರಂಭದಿಂದ ಫೆಬ್ರವರಿ ಮೊದಲ ಭಾಗದವರೆಗೆ. ನಮ್ಮಲ್ಲಿಯ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಬೆಸ ಸೆಮಿಸ್ಟರ್ ಜುಲೈ ಕೊನೆಗೋ ಆಗಸ್ಟ್‌ನಲ್ಲೋ ಶುರುವಾಗಿ ಡಿಸೆಂಬರ್-ಜನವರಿಗೆ ಮುಗಿಯುತ್ತದೆ. ಸಮ ಸೆಮಿಸ್ಟರ್ ಜನವರಿ-ಫೆಬ್ರವರಿಯಿಂದ ಮೇ-ಜೂನ್‌ವರೆಗೆ. ಸಂಸ್ಥೆಯಿಂದ ಸಂಸ್ಥೆಗೆ ಕೆಲವು ವಾರಗಳ ವ್ಯತ್ಯಾಸವಿದ್ದರೂ ಒಟ್ಟು ಚಿತ್ರ ಇದೇ.

ಈ ಎರಡು ಕ್ಯಾಲೆಂಡರುಗಳನ್ನು ಒಂದರ ಪಕ್ಕ ಒಂದಿಟ್ಟರೆ ತೊಡಕು ಕಣ್ಣಿಗೆ ಹೊಡೆಯುತ್ತದೆ. ಅಕ್ಟೋಬರದಲ್ಲಿ ಹೊರಟವಳು ಇಲ್ಲಿಯ ಬೆಸ ಸೆಮಿಸ್ಟರಿನ ಎರಡು ತಿಂಗಳ ಪಾಠ ಕೇಳಿರುತ್ತಾಳೆ, ಪರೀಕ್ಷೆಗೆ ಇರುವುದಿಲ್ಲ. ತಿರುಗಿ ಬರುವ ಹೊತ್ತಿಗೆ ಸಮ ಸೆಮಿಸ್ಟರಿನ ಪಾಠಗಳು ಶುರುವಾಗಿರುತ್ತವೆ. ಏಪ್ರಿಲ್‌ನಲ್ಲಿ ಹೋದರೂ ಇದೇ ಕಥೆ, ಸಮ ಸೆಮಿಸ್ಟರಿನ ಕೊನೆ ಮತ್ತು ಬೆಸ ಸೆಮಿಸ್ಟರಿನ ಆರಂಭ ಎರಡಕ್ಕೂ ಪೆಟ್ಟು. ಅಂದರೆ ಅಲ್ಲಿಯ ಒಂದು ಸೆಮಿಸ್ಟರು ಇಲ್ಲಿಯ ಎರಡು ಸೆಮಿಸ್ಟರುಗಳಿಗೆ ಕೈ ಹಾಕುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ನಿಯಮದಂತೆ ಪರೀಕ್ಷೆಗೆ ಕೂಡಲು ಶೇ. 85ರಷ್ಟು ಹಾಜರಿ ಬೇಕು. ಮೊದಲೇ ವ್ಯವಸ್ಥೆ ಮಾಡಿಕೊಳ್ಳದೆ ಹೋದವರು ಒಂದು ವರ್ಷ ಹಿಂದೆ ಬಿದ್ದರೆ ಆಶ್ಚರ್ಯವಿಲ್ಲ. ಏಳನೆಯ ಸೆಮಿಸ್ಟರಿನಲ್ಲಿ ಹೋದವರಿಗೆ ಇನ್ನೂ ಒಂದು ನಷ್ಟ ಕಾದಿರುತ್ತದೆ. ನೌಕರಿಗೆ ಕಂಪನಿಗಳು ಕಾಲೇಜಿಗೆ ಬಂದು ಸಂದರ್ಶನ ನಡೆಸುವ ಕಾಲ ಅದೇ.

ಜಪಾನಿನವರಿಗೂ ಈ ತೊಡಕು ಗೊತ್ತಿಲ್ಲದ್ದೇನಲ್ಲ. ಜಗತ್ತಿನ ಬಹುಭಾಗದಲ್ಲಿ ವರ್ಷ ಶುರುವಾಗುವುದು ಸೆಪ್ಟೆಂಬರಿನಲ್ಲಿ. ತಾವೂ ಹಾಗೆ ಬದಲಾಗಬೇಕೆಂದು ಟೋಕಿಯೋ ವಿಶ್ವವಿದ್ಯಾಲಯ 2012ರ ಸುಮಾರಿಗೆ ಗಂಭೀರವಾಗಿ ಯೋಚಿಸಿತ್ತು. ಕೊರೊನಾ ಬಂದ 2020ರಲ್ಲಿ ಇಡೀ ದೇಶದಲ್ಲೇ ಆ ಚರ್ಚೆ ಮತ್ತೆ ಎದ್ದಿತು. ಎರಡೂ ಸಲ ಅದು ಚರ್ಚೆಯಾಗಿಯೇ ಉಳಿಯಿತು. ಚೆರ್ರಿ ಹೂ ಅರಳುವ ಏಪ್ರಿಲ್‌ನಲ್ಲಿ ಶಾಲೆಗೆ ಸೇರುವುದು ಅಲ್ಲಿಯವರ ಮನಸ್ಸಿನಲ್ಲಿ ಅಷ್ಟು ಬೇರುಬಿಟ್ಟಿದೆ. ಆದರೆ ಕೆಲವು ವಿಶ್ವವಿದ್ಯಾಲಯಗಳು ಸೆಮಿಸ್ಟರನ್ನು ಇಬ್ಭಾಗಿಸಿ ಎಂಟು ವಾರಗಳ ನಾಲ್ಕು ಅವಧಿಗಳನ್ನು ಮಾಡಿಕೊಂಡಿವೆ. ಇಂಥ ಕಡೆ ಒಂದೇ ಅವಧಿಗೆ ಹೋಗಿಬರಲು ಅವಕಾಶವಿದೆಯೇ ಎಂದು ವಿಚಾರಿಸುವುದು ಲೇಸು.

ಹಾಗಾದರೆ ಹೋಗುವುದಕ್ಕೆ ಸರಿಯಾದ ಹೊತ್ತು ಯಾವುದು? ನಮ್ಮ ಅನೇಕ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಎಂಟನೆಯ ಸೆಮಿಸ್ಟರು ಬಹುಮಟ್ಟಿಗೆ ಪ್ರಾಜೆಕ್ಟ್ ಮತ್ತು ಇಂಟರ್ನ್‌ಶಿಪ್‌ಗೆ ಮೀಸಲು. ತರಗತಿಯ ಪಾಠ ಕಡಿಮೆ. ಆ ಪ್ರಾಜೆಕ್ಟನ್ನೇ ಜಪಾನಿನ ಒಂದು ಪ್ರಯೋಗಶಾಲೆಯಲ್ಲಿ ಮಾಡುವಂತೆ ಎರಡೂ ಕಡೆಯ ಪ್ರಾಧ್ಯಾಪಕರು ಒಪ್ಪಿದರೆ ಕ್ಯಾಲೆಂಡರಿನ ಜಗಳ ಅರ್ಧಕ್ಕರ್ಧ ತೀರುತ್ತದೆ. ಪಾಠ ಕೇಳಲೆಂದು ಹೋಗುವುದಕ್ಕಿಂತ ಪ್ರಯೋಗಶಾಲೆಗೆಂದು ಹೋಗುವುದರಲ್ಲೇ ಲಾಭ ಹೆಚ್ಚು. ಅದರ ಕಾರಣ ಮುಂದೆ ಬರುತ್ತದೆ.

ಎರಡನೆಯ ಪ್ರಶ್ನೆ ಕ್ರೆಡಿಟ್‌ಗಳದು. ಇಲ್ಲಿ ವಾರಕ್ಕೆ ಒಂದು ತಾಸಿನ ಪಾಠ ಒಂದು ಸೆಮಿಸ್ಟರ್ ನಡೆದರೆ ಒಂದು ಕ್ರೆಡಿಟ್. ಜಪಾನಿನಲ್ಲಿ ಒಂದು ತರಗತಿ 90 ನಿಮಿಷದ್ದು. ವಾರಕ್ಕೊಂದರಂತೆ 15 ವಾರ ಕುಳಿತರೆ ಸಾಮಾನ್ಯವಾಗಿ 2 ಕ್ರೆಡಿಟ್ ಕೊಡುತ್ತಾರೆ. ಮನೆಯಲ್ಲಿ ಓದುವ ಸಮಯವನ್ನೂ ಸೇರಿಸಿ ಒಂದು ಕ್ರೆಡಿಟ್ಟಿಗೆ 45 ತಾಸು ಎಂಬುದು ಅವರ ಅಳತೆ. ನಮ್ಮಲ್ಲಿ ನಾಲ್ಕು ವರ್ಷದ ಬಿ.ಇ.ಗೆ ಸುಮಾರು 160 ಕ್ರೆಡಿಟ್ ಬೇಕು. ಅಲ್ಲಿಯ ನಾಲ್ಕು ವರ್ಷದ ಪದವಿಗೆ ಕನಿಷ್ಠ 124 ಸಾಕು. ಈಗ ಒಬ್ಬ ವಿದ್ಯಾರ್ಥಿನಿ ಅಲ್ಲಿ ಆರು ವಿಷಯ ತೆಗೆದುಕೊಂಡು 12 ಕ್ರೆಡಿಟ್ ಗಳಿಸಿದಳೆನ್ನಿ. ಗಡಿಯಾರ ಹಿಡಿದು ಎಣಿಸಿದರೆ ಅದು ವಾರಕ್ಕೆ 9 ತಾಸು. ಇಲ್ಲಿಯ ಪರೀಕ್ಷಾ ವಿಭಾಗ ಅದನ್ನು 12 ಎಂದು ಬರೆದುಕೊಳ್ಳುತ್ತದೆಯೋ 9 ಎಂದೋ? ಇಲ್ಲಿಯ ಒಂದು ಸೆಮಿಸ್ಟರಿಗೆ 20ರಷ್ಟು ಬೇಕಾಗಿದ್ದರೆ ಉಳಿದದ್ದನ್ನು ಎಲ್ಲಿಂದ ತುಂಬುವುದು? ಇದನ್ನು ಹೊರಡುವ ಮೊದಲೇ ಬರವಣಿಗೆಯಲ್ಲಿ ತೆಗೆದುಕೊಳ್ಳಬೇಕು. "ಬಂದ ಮ್ಯಾಲೆ ನೋಡೂಣು ಬಿಡ್ರಿ" ಎಂಬ ಮಾತನ್ನು ಒಪ್ಪಬಾರದು.

ನಿಯಮಗಳು ಹಿಂದಿಗಿಂತ ಸಡಿಲವಾಗಿವೆ ಎಂಬುದು ನಿಜ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ 2021ರಲ್ಲಿ ಕ್ರೆಡಿಟ್‌ಗಳನ್ನು ಜಮಾ ಮಾಡಿಡುವ ಬ್ಯಾಂಕಿನ ವ್ಯವಸ್ಥೆ ಬಂತು. 2022ರಲ್ಲಿ ಯುಜಿಸಿ ವಿದೇಶಿ ವಿಶ್ವವಿದ್ಯಾಲಯಗಳೊಂದಿಗಿನ ಸಹಯೋಗಕ್ಕೆ ಹೊಸ ನಿಯಮಾವಳಿ ತಂದಿತು. ಅದರಲ್ಲಿಯ ಜೋಡಿ ಕಾರ್ಯಕ್ರಮದಲ್ಲಿ ವಿದ್ಯಾರ್ಥಿ ಶೇ. 30ರವರೆಗಿನ ಕ್ರೆಡಿಟ್‌ಗಳನ್ನು ಹೊರದೇಶದಲ್ಲಿ ಗಳಿಸಬಹುದು. ಆದರೆ ದಿಲ್ಲಿಯ ನಿಯಮ ಇದೆಯೆಂದ ಮಾತ್ರಕ್ಕೆ ಹುಬ್ಬಳ್ಳಿಯ ಮಾರ್ಕ್ಸ್ ಕಾರ್ಡಿನಲ್ಲಿ ಅಂಕ ಏರುವುದಿಲ್ಲ. ಅದಕ್ಕೆ ಎರಡು ಸಂಸ್ಥೆಗಳ ನಡುವೆ ಒಪ್ಪಂದವಿರಬೇಕು. ಇಲ್ಲಿಯೂ ಒಂದು ಸೂಕ್ಷ್ಮವಿದೆ. ಇಬ್ಬರು ಗಣ್ಯರು ಕೈಕುಲುಕಿದ ಚಿತ್ರ ಪತ್ರಿಕೆಯಲ್ಲಿ ಬಂದರೆ ಅದು ಸಹಕಾರದ ತಿಳಿವಳಿಕೆ ಪತ್ರ ಮಾತ್ರ ಆಗಿರಬಹುದು. ವಿದ್ಯಾರ್ಥಿಗಳಿಗೆ ಬೇಕಾದದ್ದು ವಿದ್ಯಾರ್ಥಿ ವಿನಿಮಯ ಒಪ್ಪಂದ. ವರ್ಷಕ್ಕೆ ಎಷ್ಟು ಜನ, ಯಾವ ವಿಭಾಗದವರು, ಶುಲ್ಕ ಎಲ್ಲಿ ಕಟ್ಟಬೇಕು ಎಂಬ ಬಾಬುಗಳಿರುವ ಕಾಗದ ಅದು. ಪಾಲಕರು ಕಾಲೇಜಿನ ಅಂತರರಾಷ್ಟ್ರೀಯ ಸಂಬಂಧಗಳ ಕಚೇರಿಯಲ್ಲಿ ಕೇಳಬೇಕಾದದ್ದು ಚಿತ್ರವನ್ನಲ್ಲ, ಆ ಕಾಗದವನ್ನು.

ನಾಲ್ಕು ತಿಂಗಳಿಗಾಗಿ ಇಷ್ಟೆಲ್ಲ ತಾಪತ್ರಯ ಯಾಕೆ ಎಂದು ಯಾರಾದರೂ ಕೇಳಬಹುದು. ಅಷ್ಟೂ ಕಾಲ ಇರದೆ ಜಪಾನಿನಿಂದ ಬಹಳ ತಂದ ಕನ್ನಡಿಗರೊಬ್ಬರಿದ್ದಾರೆ. 1898ರಲ್ಲಿ, ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರಾಗಿದ್ದಾಗ, ಎಂ. ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿ ಸುಮಾರು ಮೂರು ತಿಂಗಳಿದ್ದರು. ಧಾರವಾಡ ಆಗ ಅದೇ ಪ್ರಾಂತದಲ್ಲಿತ್ತು. ಧಾರವಾಡ, ವಿಜಾಪುರಗಳ ನೀರು ಪೂರೈಕೆಯ ಯೋಜನೆಗಳಲ್ಲಿ ಅವರ ಕೈಯಿದೆ. ಜಪಾನಿನಲ್ಲಿ ಅವರು ನೋಡಿದ್ದು ಒಂದು ಬಡ ದೇಶ ಶಾಲೆಗಳನ್ನೂ ಕಾರಖಾನೆಗಳನ್ನೂ ಒಟ್ಟಿಗೆ ಕಟ್ಟುತ್ತಿದ್ದ ಬಗೆಯನ್ನು. 1920ರಲ್ಲಿ ಪ್ರಕಟವಾದ ಭಾರತದ ಪುನರ್ನಿರ್ಮಾಣ ಕುರಿತ ಅವರ ಪುಸ್ತಕದಲ್ಲಿ ಮತ್ತೆ ಮತ್ತೆ ಬರುವ ಹೋಲಿಕೆ ಜಪಾನಿನದು. ಅಂದರೆ ಮೂರು ತಿಂಗಳ ಪ್ರವಾಸದ ಫಲ ಇಪ್ಪತ್ತು ವರ್ಷದ ಮೇಲೂ ಬರವಣಿಗೆಯಲ್ಲಿ ಕಾಣಿಸುತ್ತದೆ. ಏನು ನೋಡಬೇಕು ಎಂಬ ಪ್ರಶ್ನೆಯನ್ನು ಅವರು ಇಲ್ಲಿಂದಲೇ ಒಯ್ದಿದ್ದರು.

ಇಂದಿನ ವಿದ್ಯಾರ್ಥಿ ನೋಡಬೇಕಾದದ್ದು, ವಿಜ್ಞಾನ-ತಂತ್ರಜ್ಞಾನದ ಮಟ್ಟಿಗೆ ಹೇಳುವುದಾದರೆ, 'ಕೆನ್‌ಕ್ಯೂಶಿತ್ಸು' ಎಂಬ ಪ್ರಯೋಗಶಾಲೆಯ ಪದ್ಧತಿಯನ್ನು. ನಮ್ಮಲ್ಲಿ ಪ್ರಯೋಗಶಾಲೆ ಎಂದರೆ ವಾರಕ್ಕೊಮ್ಮೆ ಮೂರು ತಾಸು ಹೋಗಿ, ಜರ್ನಲ್ ಬರೆದು, ಸಹಿ ಹಾಕಿಸಿಕೊಂಡು ಬರುವ ಕೋಣೆ. ಕೆಲವೊಮ್ಮೆ ಮೊದಲು ಜರ್ನಲ್, ನಂತರ ಪ್ರಯೋಗ! ಜಪಾನಿನಲ್ಲಿ ಪದವಿಯ ನಾಲ್ಕನೆಯ ವರ್ಷಕ್ಕೆ ಬಂದ ವಿದ್ಯಾರ್ಥಿ ಒಬ್ಬ ಪ್ರಾಧ್ಯಾಪಕರ ಪ್ರಯೋಗಶಾಲೆಗೆ ಸೇರುತ್ತಾನೆ. ಅಲ್ಲಿ ಅವನಿಗೊಂದು ಮೇಜು ಇರುತ್ತದೆ. ಸ್ನಾತಕೋತ್ತರ ವಿದ್ಯಾರ್ಥಿಗಳು, ಸಂಶೋಧಕರು ಅದೇ ಕೋಣೆಯಲ್ಲಿರುತ್ತಾರೆ. ಉಪಕರಣ ಹೇಗೆ ಹಚ್ಚಬೇಕು, ಹೇಗೆ ತೊಳೆದಿಡಬೇಕು ಎಂಬುದನ್ನು ಕಲಿಸುವವರು ಹೆಚ್ಚಾಗಿ ಪ್ರಾಧ್ಯಾಪಕರಲ್ಲ, ಒಂದೆರಡು ವರ್ಷ ಹಿರಿಯನಾದ 'ಸೆನ್‌ಪಾಯ್'. ಇವನು 'ಕೋಹಾಯ್', ಕಿರಿಯ. ಗರಡಿಮನೆಯಲ್ಲಿ ಹಿರಿಯ ಪೈಲವಾನ ಕಿರಿಯನಿಗೆ ಪಟ್ಟು ಹೇಳಿಕೊಡುವಂತೆ ಎಂದರೆ ನಮ್ಮ ಭಾಗದವರಿಗೆ ಬೇಗ ತಿಳಿದೀತು.

ವಾರಕ್ಕೊಮ್ಮೆ 'ಝೆಮಿ' ನಡೆಯುತ್ತದೆ. ಜರ್ಮನಿಯ 'ಸೆಮಿನಾರ್' ಶಬ್ದ ಜಪಾನಿಗೆ ಹೋಗಿ ಮೊಟಕಾದದ್ದು ಇದು. ಆ ವಾರ ಯಾರು ಏನು ಮಾಡಿದರು ಎಂಬುದನ್ನು ಎಲ್ಲರೆದುರು ಹೇಳಬೇಕು. ಏನೂ ಆಗಿಲ್ಲದಿದ್ದರೆ ಏನೂ ಆಗಿಲ್ಲವೆಂದು, ಯಾಕೆ ಆಗಿಲ್ಲವೆಂದು ಹೇಳಬೇಕು. ಅಲ್ಲಿಯ ಕಚೇರಿ, ಕಾರಖಾನೆ, ಪ್ರಯೋಗಶಾಲೆ ಎಲ್ಲೆಡೆ ಕೇಳಿಬರುವ ಒಂದು ಶಬ್ದ 'ಹೋರೆನ್‌ಸೋ'. ಜಪಾನೀ ಭಾಷೆಯಲ್ಲಿ ಇದು ಪಾಲಕ ಪಲ್ಯದ ಹೆಸರು. ಆದರೆ ವರದಿ ಮಾಡು, ತಿಳಿಸು, ಸಲಹೆ ಕೇಳು ಎಂಬ ಮೂರು ಶಬ್ದಗಳ ಮೊದಲ ಅಕ್ಷರಗಳನ್ನು ಜೋಡಿಸಿದರೂ ಅದೇ ಆಗುತ್ತದೆ. ಉಪಕರಣ ಕೆಟ್ಟರೆ ಮುಚ್ಚಿಡಬೇಡ, ಬರಲು ತಡವಾಗುವುದಿದ್ದರೆ ಮೊದಲೇ ತಿಳಿಸು, ಗೊತ್ತಾಗದಿದ್ದರೆ ಕೇಳು. ಭಾರತದಿಂದ ಹೋದ ಜಾಣ ವಿದ್ಯಾರ್ಥಿಗೆ ಕಷ್ಟವಾಗುವುದು ಗಣಿತಕ್ಕಿಂತ ಹೆಚ್ಚಾಗಿ ಇದೇ. ಪರೀಕ್ಷೆಯ ಹಿಂದಿನ ಹದಿನೈದು ದಿನ ಹಗಲು-ರಾತ್ರಿ ಓದಿ ಗೆಲ್ಲುವ ನಮ್ಮ ಅಭ್ಯಾಸ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಒಂದೇ ಅಳತೆಯನ್ನು ಹತ್ತು ದಿನ ಹತ್ತು ಸಲ ತೆಗೆದು, ಪ್ರತಿ ಸಲವೂ ತಾರೀಖು ಹಾಕಿ ಬರೆಯುವ ತಾಳ್ಮೆ ಬೇಕು. ಡಿಸೆಂಬರ್ ಕೊನೆಗೆ ಪ್ರಯೋಗಶಾಲೆಯವರೆಲ್ಲ ಸೇರಿ ಕೋಣೆ ತೊಳೆಯುವಾಗ ಕಸಬರಿಗೆ ಹಿಡಿಯಲು ನಾಚಿಕೆಯೂ ಇರಬಾರದು.

ಇನ್ನು ಭಾಷೆ. ಜಪಾನಿನಲ್ಲಿ ವಿಜ್ಞಾನವನ್ನು ಜಪಾನೀ ಭಾಷೆಯಲ್ಲೇ ಕಲಿಸುತ್ತಾರೆ. 2008ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ತೋಶಿಹಿದೆ ಮಾಸ್ಕಾವಾ ಸ್ಟಾಕ್‌ಹೋಮಿನಲ್ಲಿ ತಮ್ಮ ಉಪನ್ಯಾಸವನ್ನು ಜಪಾನೀ ಭಾಷೆಯಲ್ಲೇ ಕೊಟ್ಟರು. ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಓದಿದ ಮಕ್ಕಳ ಮುಂದೆ ಈ ಸಂಗತಿಯನ್ನು ಒಮ್ಮೆಯಾದರೂ ಹೇಳಬೇಕು. ವಿನಿಮಯ ವಿದ್ಯಾರ್ಥಿಗಳಿಗಾಗಿ ಇಂಗ್ಲಿಷಿನಲ್ಲಿ ನಡೆಯುವ ತರಗತಿಗಳೂ ಇವೆ. ಸರಕಾರ 2009ರಲ್ಲಿ 13 ವಿಶ್ವವಿದ್ಯಾಲಯಗಳನ್ನು ಆರಿಸಿ ಇಂಗ್ಲಿಷ್ ಪದವಿ ಕೋರ್ಸುಗಳಿಗೆ ನೆರವು ಕೊಟ್ಟ ಮೇಲೆ ಅವು ಹೆಚ್ಚಾಗಿವೆ. ಆದರೆ ತರಗತಿ ಇಂಗ್ಲಿಷಿನಲ್ಲಿದ್ದರೂ ಝೆಮಿಯ ಹರಟೆ, ಅಂಗಡಿ, ಆಸ್ಪತ್ರೆ, ನಗರಸಭೆಯ ಫಾರ್ಮು ಎಲ್ಲವೂ ಜಪಾನೀ. ಆರು ತಿಂಗಳು ಮೊದಲೇ ಕಲಿಯಲು ಶುರು ಮಾಡದವರು ಹೋದ ನಾಲ್ಕು ತಿಂಗಳಲ್ಲಿ ಎರಡನ್ನು ಮೂಕರಾಗಿ ಕಳೆಯುತ್ತಾರೆ.

ಇಲ್ಲಿ ಕನ್ನಡ ಬಲ್ಲವರಿಗೆ ಒಂದು ಅನುಕೂಲವಿದೆ. ಇಂಗ್ಲಿಷಿನ ಮೂಲಕ ಜಪಾನೀ ಕಲಿಯುವವರು ಅದನ್ನು ತಿರುವುಮುರುವು ಭಾಷೆ ಅನ್ನುತ್ತಾರೆ. ಕನ್ನಡದಿಂದ ಹೋದವರಿಗೆ ಅದು ನೇರವಾಗಿಯೇ ಕಾಣುತ್ತದೆ. "ವಾತಾಶಿ ವಾ ಮಿಝು ಒ ನೊಮಿಮಾಸು" ಎಂದರೆ "ನಾನು ನೀರನ್ನು ಕುಡಿಯುತ್ತೇನೆ". ಶಬ್ದಗಳ ಸಾಲು ಒಂದೇ. 'ಮಿಝು' ನೀರು, ಅದರ ಹಿಂದೆ ಬರುವ 'ಒ' ನಮ್ಮ 'ಅನ್ನು'. 'ಕಾರಾ' ಎಂದರೆ 'ಇಂದ'. "ಹುಬ್ಬಳ್ಳಿ ಕಾರಾ ಕಿಮಾಶಿತಾ" ಎಂದರೆ "ಹುಬ್ಬಳ್ಳಿಯಿಂದ ಬಂದೆ". ಎರಡೂ ಭಾಷೆಗಳಲ್ಲಿ 'ನಾನು' ಎಂದು ಹೇಳುವ ಅಗತ್ಯವೇ ಇಲ್ಲ. ಅವರ ಬಾಯಲ್ಲಿ 'ಹು' ಎಂಬುದು 'ಫು' ಆಗುತ್ತದೆ, ಲಕಾರ-ಳಕಾರ ಎರಡೂ ರಕಾರವಾಗುತ್ತವೆ. ಊರಿನ ಹೆಸರು ತುಸು ಬದಲಾದರೆ ಬೇಸರಪಡಬೇಕಿಲ್ಲ.

ಲಿಪಿಯಲ್ಲಂತೂ ಒಂದು ಸೋಜಿಗವೇ ಇದೆ. ಜಪಾನೀ ಮಕ್ಕಳು ಮೊದಲು ಕಲಿಯುವ 46 'ಕನ' ಅಕ್ಷರಗಳ ಕ್ರಮ ಹೀಗಿದೆ: ಅ, ಇ, ಉ, ಎ, ಒ, ಆ ಮೇಲೆ ಕ, ಸ, ತ, ನ, ಹ, ಮ, ಯ, ರ, ವ ಸಾಲುಗಳು. ನಮ್ಮ ವರ್ಣಮಾಲೆ ಬಲ್ಲವರಿಗೆ ಇದು ಅಪರಿಚಿತವೇ? ಹಿಂದೆ 'ಸ' ಸಾಲಿನ ಉಚ್ಚಾರ ಚಕಾರಕ್ಕೆ ಹತ್ತಿರವಿತ್ತು, 'ಹ' ಸಾಲಿನದು ಪಕಾರವಾಗಿತ್ತು ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಹಾಗೆ ಓದಿಕೊಂಡರೆ ಕ-ಚ-ತ-ನ-ಪ-ಮ-ಯ-ರ-ವ ಎಂದು ನಮ್ಮ ಕಾಗುಣಿತದ ಪಾಟಿಯೇ ಎದುರಾಗುತ್ತದೆ. ಬೌದ್ಧ ಗ್ರಂಥಗಳ ಜೊತೆ ಸಂಸ್ಕೃತವನ್ನು ಬರೆಯುವ ಸಿದ್ಧಂ ಲಿಪಿ ಜಪಾನಿಗೆ ಹೋಯಿತು. ಅದನ್ನು ಓದಿದ ಭಿಕ್ಷುಗಳಿಂದ ಈ ಕ್ರಮ ಬಂದದ್ದು. ಮನಸ್ಸು ಮಾಡಿದರೆ ಕನ ಅಕ್ಷರಗಳನ್ನು ಎರಡು-ಮೂರು ವಾರಗಳಲ್ಲಿ ಕಲಿಯಬಹುದು. ಚೀನಾದಿಂದ ಬಂದ ಕಾಂಜಿ ಚಿತ್ರಾಕ್ಷರಗಳ ಮಾತು ಬೇರೆ. ನಿತ್ಯಬಳಕೆಗೆಂದು ಸರಕಾರ ಗುರುತಿಸಿದವೇ 2136 ಇವೆ. ಒಂದು ಸೆಮಿಸ್ಟರಿಗೆ ಹೋಗುವವರು ನೂರು-ನೂರೈವತ್ತು ಕಲಿತರೆ ದಾರಿ ಸಾಗುತ್ತದೆ. ಭಾಷಾ ಪ್ರಾವೀಣ್ಯದ ಜೆಎಲ್‌ಪಿಟಿ ಪರೀಕ್ಷೆ ಜುಲೈ ಮತ್ತು ಡಿಸೆಂಬರಿನ ಮೊದಲ ಭಾನುವಾರ ನಡೆಯುತ್ತದೆ. ಎನ್-5 ಎಲ್ಲಕ್ಕಿಂತ ಕೆಳಗಿನ ಹಂತ, ಎನ್-1 ಮೇಲಿನದು. ನಮ್ಮವರು ಈ ಪರೀಕ್ಷೆಗೆ ಬೆಂಗಳೂರಿಗೋ ಪುಣೆಗೋ ಹೋಗಬೇಕು. ಎರಡೂ ಹುಬ್ಬಳ್ಳಿಯಿಂದ ಹೆಚ್ಚುಕಡಿಮೆ 400 ಕಿ.ಮೀ. ದೂರ.

ಖರ್ಚಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಜಪಾನ್ ಸರಕಾರದ ಮೆಕ್ಸ್ಟ್ ಶಿಷ್ಯವೇತನ ಹೆಸರಾಂತದ್ದು, ಉದಾರವಾದದ್ದು. ಆದರೆ ಅದು ಪೂರ್ಣ ಪದವಿಗೆ ಅಥವಾ ಸಂಶೋಧನೆಗೆ ಹೋಗುವವರಿಗೆ. ಒಂದು ಸೆಮಿಸ್ಟರಿನ ವಿದ್ಯಾರ್ಥಿಗೆ ಅಲ್ಲ. ಅವರಿಗೆ ಇರುವುದು ಜಾಸ್ಸೋ ಎಂಬ ಸಂಸ್ಥೆಯ ವಿನಿಮಯ ಶಿಷ್ಯವೇತನ. ತಿಂಗಳಿಗೆ 80,000 ಯೆನ್, ಅಂದರೆ ಈಚಿನ ದರದಲ್ಲಿ ಸುಮಾರು 45,000 ರೂಪಾಯಿ. ಅದನ್ನು ವಿದ್ಯಾರ್ಥಿ ನೇರವಾಗಿ ಬೇಡುವಂತಿಲ್ಲ, ಜಪಾನಿನ ವಿಶ್ವವಿದ್ಯಾಲಯವೇ ಹೆಸರು ಸೂಚಿಸಬೇಕು. ಹಿಂದಿನ ಅಂಕಗಳನ್ನು ಅವರ ಮಾಪನಕ್ಕೆ ಇಳಿಸಿದಾಗ 3ಕ್ಕೆ 2.30 ಬರಬೇಕು. ಎಲ್ಲರಿಗೂ ಸಿಗುವುದಿಲ್ಲ, ಸಿಕ್ಕೇ ಸಿಗುತ್ತದೆಂದು ಸಾಲ ಮಾಡಬಾರದು.

ಶುಲ್ಕದ ಮಟ್ಟಿಗೆ ವಿನಿಮಯ ಒಪ್ಪಂದ ದೊಡ್ಡ ಉಳಿತಾಯ. ಜಪಾನಿನ ರಾಷ್ಟ್ರೀಯ ವಿಶ್ವವಿದ್ಯಾಲಯಗಳ ಪ್ರಮಾಣಿತ ಶುಲ್ಕ ವರ್ಷಕ್ಕೆ 5,35,800 ಯೆನ್. ವಿನಿಮಯದಲ್ಲಿ ಹೋದವರು ಸಾಮಾನ್ಯವಾಗಿ ತಮ್ಮ ಕಾಲೇಜಿನ ಶುಲ್ಕ ಕಟ್ಟಿದರೆ ಸಾಕು, ಅಲ್ಲಿಯದು ಮಾಫಿ. ಉಳಿಯುವುದು ವಿಮಾನ, ವಸತಿ, ಊಟ, ವಿಮೆ. ರಾಷ್ಟ್ರೀಯ ಆರೋಗ್ಯ ವಿಮೆಗೆ ಸೇರಿದರೆ ಆಸ್ಪತ್ರೆಯ ಬಿಲ್ಲಿನಲ್ಲಿ ಶೇ. 30 ಮಾತ್ರ ಕೈಯಿಂದ ಕೊಡಬೇಕು. ಅನುಮತಿ ಪಡೆದು ವಾರಕ್ಕೆ 28 ತಾಸಿನವರೆಗೆ ಕೆಲಸ ಮಾಡಬಹುದು ಎಂಬುದನ್ನು ಕೇಳಿ ಕೆಲವು ಪಾಲಕರು ಸಮಾಧಾನಪಡುತ್ತಾರೆ. ಪ್ರಯೋಗಶಾಲೆಯಲ್ಲಿ ನಿಜವಾಗಿ ಕೆಲಸ ಮಾಡುವ ವಿದ್ಯಾರ್ಥಿಗೆ ಅಷ್ಟು ತಾಸು ಉಳಿಯುವುದಿಲ್ಲ.

ಊಟ. ಅವ್ವಂದಿರ ಆತಂಕ ಸುಳ್ಳಲ್ಲ. ಮಿಸೊ ಸಾರು ನೋಡಲು ನಮ್ಮ ತಿಳಿಸಾರಿನಂತಿದ್ದು, ಮೇಲೆ ತೋಫು ತೇಲುತ್ತಿರುತ್ತದೆ. ಆದರೆ ಅದರ ತಳದಲ್ಲಿರುವ 'ದಾಶಿ' ಎಂಬ ರಸವನ್ನು ಸಾಮಾನ್ಯವಾಗಿ ಒಣ ಮೀನಿನ ಚೂರುಗಳಿಂದ ತೆಗೆದಿರುತ್ತಾರೆ. ಅಂಗಡಿಯ ಕರಿ ಗಟ್ಟಿಗಳಲ್ಲಿ ಪ್ರಾಣಿಕೊಬ್ಬು ಇರುವುದುಂಟು. "ನಿಕು ಮೊ ಸಕಾನಾ ಮೊ ತಾಬೆಮಾಸೆನ್" ಎಂಬ ವಾಕ್ಯವನ್ನು ಬಾಯಿಪಾಠ ಮಾಡಿಕೊಳ್ಳಲಿ: "ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ". ಇಲ್ಲಿಯ 'ಮೊ' ನಮ್ಮ 'ಊ' ಪ್ರತ್ಯಯವೇ. ಕಟ್ಟಾ ಶಾಕಾಹಾರಿಗಳು ಅಡಿಗೆಮನೆ ಇರುವ ವಸತಿಯನ್ನೇ ಕೇಳಿ ಪಡೆಯಬೇಕು. ಅಕ್ಕಿ, ತರಕಾರಿ, ತೋಫು, ಹಾಲು ಎಲ್ಲೆಡೆ ಸಿಗುತ್ತವೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಯಂಥ ಒಣ ತಿನಿಸು ಮೊದಲ ತಿಂಗಳು ಕೈಹಿಡಿಯುತ್ತದೆ. ಆದರೆ ಮಾವಿನಹಣ್ಣು, ಹಸಿ ಕರಿಬೇವು, ಬೀಜಗಳನ್ನು ಪೆಟ್ಟಿಗೆಯಲ್ಲಿ ತುರುಕಬಾರದು; ಸಸ್ಯ ತಪಾಸಣೆಯವರು ಅಲ್ಲಿ ಬಹಳ ಬಿಗಿ.

ಬಿಸಿನೀರಿನ ಕಾಯ್ಲ್, ಮಿಕ್ಸರ್ ಒಯ್ಯುವುದೂ ವ್ಯರ್ಥ. ಜಪಾನಿನ ಮನೆಗಳ ವಿದ್ಯುತ್ತು 100 ವೋಲ್ಟಿನದು, ನಮ್ಮದು 230. ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವೆಂದು ಹತ್ತನೆಯ ತರಗತಿಯಲ್ಲಿ ಕಲಿತದ್ದನ್ನು ನೆನಪಿಸಿಕೊಂಡರೆ ಇಲ್ಲಿಯ 1000 ವ್ಯಾಟ್ ಕಾಯ್ಲ್ ಅಲ್ಲಿ ಸುಮಾರು 190 ವ್ಯಾಟ್ ಆಗುತ್ತದೆ. ನೀರು ಕಾಯುವಷ್ಟರಲ್ಲಿ ತರಗತಿ ಮುಗಿದಿರುತ್ತದೆ! ಬರುವಾಗ ಅಲ್ಲಿಯ ಅನ್ನದ ಕುಕ್ಕರನ್ನು ಉಡುಗೊರೆ ತಂದು ಇಲ್ಲಿ ನೇರ ಹಚ್ಚಿದರೆ ಐದು ಪಟ್ಟಿಗಿಂತ ಹೆಚ್ಚು ಶಕ್ತಿ ಹರಿದು ಸುಟ್ಟೇಹೋಗುತ್ತದೆ. ಇನ್ನೊಂದು ವಿಚಿತ್ರವೆಂದರೆ ಪೂರ್ವ ಜಪಾನಿನಲ್ಲಿ ವಿದ್ಯುತ್ತಿನ ಆವೃತ್ತಿ 50 ಹರ್ಟ್ಸ್, ಪಶ್ಚಿಮದಲ್ಲಿ 60. 19ನೆಯ ಶತಮಾನದ ಕೊನೆಗೆ ಟೋಕಿಯೋದವರು ಜರ್ಮನಿಯಿಂದ, ಒಸಾಕಾದವರು ಅಮೆರಿಕದಿಂದ ಜನರೇಟರ್ ತರಿಸಿದ್ದರ ಫಲ ಇದು. ಇವತ್ತಿಗೂ ಸರಿಹೋಗಿಲ್ಲ. ಶಿಸ್ತಿನ ದೇಶದಲ್ಲೂ ಹೀಗಾಗುತ್ತದೆ.

ಅಜ್ಜಿಯ ಭೂಕಂಪದ ಪ್ರಶ್ನೆ ಉಳಿಯಿತು. ಧಾರವಾಡದ ಕಾಲಡಿಯ ಶಿಲೆ ಜಗತ್ತಿನ ಅತಿ ಹಳೆಯ ಶಿಲೆಗಳಲ್ಲೊಂದು. 250 ಕೋಟಿ ವರ್ಷಕ್ಕೂ ಮಿಗಿಲಾದ ಅದಕ್ಕೆ ಭೂವಿಜ್ಞಾನದ ಪುಸ್ತಕಗಳಲ್ಲಿ ಧಾರವಾಡದ್ದೇ ಹೆಸರು. ರಾಬರ್ಟ್ ಬ್ರೂಸ್ ಫೂಟ್ ಇಟ್ಟ ಹೆಸರದು. ಜಪಾನ್ ಇರುವುದು ನಾಲ್ಕು ಭೂಫಲಕಗಳು ಒತ್ತಿಕೊಳ್ಳುವ ಜಾಗದಲ್ಲಿ. ಅಲ್ಲಿ ನೆಲ ನಡುಗುವುದು ನಿಜ, ಆದರೆ ಅದಕ್ಕೆ ತಕ್ಕಂತೆ ಕಟ್ಟಡ ಕಟ್ಟುತ್ತಾರೆ. 2011ರ ಮಾರ್ಚ್ 11ರ 9.0 ತೀವ್ರತೆಯ ಭೂಕಂಪದಲ್ಲಿ ಸತ್ತವರಲ್ಲಿ ಶೇ. 90ಕ್ಕೂ ಹೆಚ್ಚು ಜನ ಬಲಿಯಾದದ್ದು ಸುನಾಮಿಗೆ. ಭೂಕಂಪದ ಮೊದಲ ಅಲೆ ವೇಗದ್ದು, ಹಾನಿ ಕಡಿಮೆ. ಹಿಂದೆ ಬರುವ ಎರಡನೆಯದು ನಿಧಾನ, ಹಾನಿ ಹೆಚ್ಚು. ಈ ಅಂತರವನ್ನೇ ಬಳಸಿ 2007ರಿಂದ ಜನರಿಗೆ ಮುನ್ನೆಚ್ಚರಿಕೆ ಕೊಡುತ್ತಿದ್ದಾರೆ. ಫೋನು ಕೂಗಿದರೆ ಮೇಜಿನ ಕೆಳಗೆ ಸೇರಬೇಕು. ಸಮುದ್ರ ಹತ್ತಿರವಿದ್ದರೆ ಎತ್ತರದ ದಾರಿ ಯಾವುದೆಂದು ಮೊದಲ ವಾರದಲ್ಲೇ ನೋಡಿಟ್ಟುಕೊಳ್ಳಬೇಕು.

ಶಾಲಾ ಮಕ್ಕಳಿಗೂ ಜಪಾನಿನ ಒಂದು ಬಾಗಿಲು ಇದೆ. 2014ರಲ್ಲಿ ಆರಂಭವಾದ ಸಕುರಾ ವಿಜ್ಞಾನ ಕಾರ್ಯಕ್ರಮದಲ್ಲಿ ಏಷ್ಯಾದ ತರುಣರನ್ನು ಒಂದರಿಂದ ಮೂರು ವಾರಗಳ ಮಟ್ಟಿಗೆ ಕರೆಸಿಕೊಳ್ಳುತ್ತಾರೆ. ಇನ್‌ಸ್ಪೈರ್-ಮಾನಕ್ ಸ್ಪರ್ಧೆಯಲ್ಲಿ ರಾಷ್ಟ್ರಮಟ್ಟದಲ್ಲಿ ಗೆದ್ದ ಭಾರತದ ಮಕ್ಕಳು ಈ ದಾರಿಯಲ್ಲಿ ಜಪಾನ್ ನೋಡಿ ಬಂದಿದ್ದಾರೆ. ಆ ಸ್ಪರ್ಧೆಗೆ ಮಕ್ಕಳ ವಿಚಾರಗಳನ್ನು ಕಳಿಸಬೇಕಾದದ್ದು ಶಾಲೆ. ನಿಮ್ಮ ಶಾಲೆ ಈ ವರ್ಷ ಕಳಿಸಿದೆಯೇ ಎಂದು ಪಾಲಕರ ಸಭೆಯಲ್ಲಿ ಕೇಳಿದರೆ ತಪ್ಪಲ್ಲ.

ಕೊನೆಗೆ ದಿನಗಳ ಲೆಕ್ಕ. ಏಪ್ರಿಲ್‌ನಲ್ಲಿ ಹೋಗುವವರ ಹೆಸರುಗಳನ್ನು ಜಪಾನಿನ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಹಿಂದಿನ ಅಕ್ಟೋಬರ್-ನವೆಂಬರಿನಲ್ಲೇ ಕೇಳುತ್ತವೆ. ಅಕ್ಟೋಬರದಲ್ಲಿ ಹೋಗುವವರದನ್ನು ಮಾರ್ಚ್-ಏಪ್ರಿಲ್‌ನಲ್ಲಿ. ಕಾಲೇಜಿನೊಳಗಿನ ಆಯ್ಕೆ ಅದಕ್ಕೂ ಎರಡು ತಿಂಗಳು ಮೊದಲು ಮುಗಿದಿರಬೇಕು. ಅಲ್ಲಿಯ ವಲಸೆ ಇಲಾಖೆಯ ಅರ್ಹತಾ ಪತ್ರ ಬರಲು ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ, ಅದು ಬಂದ ಮೇಲೆ ವೀಸಾ. ಪಾಸ್‌ಪೋರ್ಟ್ ಇಲ್ಲದವರು ಮೂರನೆಯ ವರ್ಷದ ಆರಂಭದಲ್ಲೇ ಮಾಡಿಸಿಟ್ಟುಕೊಳ್ಳಲಿ. ಅಲ್ಲಿ ಮನೆ ಸೇರಿದ 14 ದಿನಗಳೊಳಗೆ ನಗರಸಭೆಯಲ್ಲಿ ವಿಳಾಸ ನೋಂದಾಯಿಸಬೇಕು. ತಿರುಗಿ ಬಂದ ತಕ್ಷಣ ಅಂಕಪಟ್ಟಿ ಕೈಗೆ ಬರುವುದಿಲ್ಲ, ಫಲಿತಾಂಶ ಸಿದ್ಧವಾದ ಮೇಲೆ ಬರುತ್ತದೆ. ಆದ್ದರಿಂದ ಹೊರಡುವ ಮೊದಲೇ ಎರಡು ಪ್ರತಿ ಕೇಳಿಟ್ಟಿರಬೇಕು. ಒಂದನ್ನು ಇಲ್ಲಿಯ ಪರೀಕ್ಷಾ ವಿಭಾಗಕ್ಕೆ, ಮೊದಲೇ ಬರೆಸಿಕೊಂಡ ಕ್ರೆಡಿಟ್ ಪತ್ರದ ಪ್ರತಿಯೊಂದಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಇನ್ನೊಂದು ಮನೆಯ ಕಪಾಟಿನಲ್ಲಿರಲಿ.